ಮೈಲುತುತ್ತದ ಸೂತ್ರ ರಾಶಿ 159.5 ಸರಿನಾ 249.5 ಸರಿನಾ?

ಎರಡೂ ಸರಿನೇ, ಆದ್ರೆ ಒಂದೇ ವಸ್ತುವಿಂದಲ್ಲ. ಸೂತ್ರ ರಾಶಿ ಅಂದ್ರೆ ಸೂತ್ರದಲ್ಲಿರೋ ಎಲ್ಲ ಪರಮಾಣುಗಳ ರಾಶಿ ಕೂಡಿದ್ದು. ನಿಮ್ಮ ಮಗಳು 14355 ಅಂತ ಬರ್ದು ತಪ್ಪಾಯ್ತು, CuSO₄·5H₂O ಅನ್ನೋ ಸೂತ್ರದ ಮಧ್ಯದ ಚುಕ್ಕೆ ಗುಣಾಕಾರ ಅಲ್ವಾ ಅಂತ ಕೇಳಿದೀರಲ್ಲ, ಅಲ್ಲ, ಅದು ಕೂಡಿಸೋ ಚುಕ್ಕೆ. ಅವಳು 159.5ನ 90ರಿಂದ ಗುಣಿಸಿದಾಳೆ ಅಷ್ಟೇ, ಮಿಕ್ಕಿದ್ದೆಲ್ಲ ಸರಿಯಾಗೇ ಮಾಡಿದಾಳೆ, ಬೈಬೇಡಿ. ನಾನು ಕೊಪ್ಪದ ಹತ್ರ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳ್ತೀನಿ, ಈ ಚುಕ್ಕೆ ಹತ್ರ ಎಡವೋ ಮಕ್ಕಳನ್ನ ಎಷ್ಟೋ ನೋಡಿದೀನಿ.

ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಕೂಡಿದ್ರೆ 159.5. ಇದು ನೀರಿಲ್ಲದ ಕಾಪರ್ ಸಲ್ಫೇಟು, ಬಣ್ಣ ಬಿಳಿ. ನಾವು ಅಂಗಡೀಲಿ ಮೈಲುತುತ್ತ ಅಂತ ತರೋ ನೀಲಿ ಹರಳಲ್ಲಿ ಇದರ ಒಂದೊಂದು ಘಟಕಕ್ಕೂ ಐದೈದು ನೀರು ಸೇರ್ಕೊಂಡಿರತ್ತೆ, ಒಂದು ನೀರಿಗೆ 18, ಐದಕ್ಕೆ 90, ಹಾಗಾಗಿ 249.5. ಚುಕ್ಕೆ ಆದ್ಮೇಲೆ ಬರೋ 5 ನೀರಿನ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಎರಡಕ್ಕೂ ಸೇರ್ಬೇಕು, ಹೈಡ್ರೋಜನ್‌ಗೆ ಮಾತ್ರ ಗುಣಿಸಿ ಆಕ್ಸಿಜನ್ ಬಿಡೋರೂ ಇದಾರೆ.

ನೀರು ಅಂದ್ರೆ ಒದ್ದೆ ಅಂತಲ್ಲ, ಮುಟ್ಟಿದ್ರೆ ಹರಳು ಒಣಗೇ ಇರತ್ತೆ. ಲ್ಯಾಬಲ್ಲಿ ಪ್ರನಾಳಕ್ಕೆ ಹಾಕಿ ಕಾಯಿಸಿದ್ರೆ ಗೋಡೆಗೆ ಹನಿ ಕಟ್ಟತ್ತೆ, ನೀಲಿ ಹೋಗಿ ಬಿಳಿ ಪುಡಿ ಉಳಿಯತ್ತೆ, ಒಂದೆರಡು ಹನಿ ನೀರು ಬಿಟ್ರೆ ಮತ್ತೆ ನೀಲಿ. ಇದನ್ನ ಒಂದ್ಸಲ ಕಣ್ಣಾರೆ ನೋಡಿದ ಮಗು ಆ 90ನ ಮರೆಯಲ್ಲ. ಆದ್ರೆ ಮನೇಲಿ ಅಡುಗೆ ಪಾತ್ರೇಲಿ ಮಾಡಕ್ಕೆ ಹೋಗ್ಬೇಡಿ, ಮೈಲುತುತ್ತ ವಿಷ, ಸ್ಕೂಲಲ್ಲೇ ಕೇಳಿ.

ಮಳೆ ಹಿಡಿಯೋ ಮುಂಚೆ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೀತೀವಲ್ಲ, 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಆ ಒಂದು ಕೆಜಿ ಹರಳಲ್ಲಿ ಲೆಕ್ಕ ಹಾಕಿದ್ರೆ ಸುಮಾರು 360 ಗ್ರಾಂ ಬರೀ ನೀರೇ, ರೋಗ ತಡೆಯೋ ತಾಮ್ರ ಇರೋದು ಸುಮಾರು 255 ಗ್ರಾಂ. ನಮ್ಮ ಮಲೆನಾಡಿನ ಮಕ್ಕಳಿಗೆ ಈ ಲೆಕ್ಕ ಇಲ್ಲಿಂದ್ಲೇ ಶುರು ಮಾಡ್ಬೇಕು ಅಂತ ನನಗೆ ಬಲವಾಗಿ ಅನ್ಸತ್ತೆ, ಅದನ್ನ ಕಲಸೋ ಡ್ರಮ್ಮು ಕೋಲು ಎಲ್ಲ ಮನೇಲೇ ನೋಡಿರ್ತಾರೆ.

ಇನ್ನೊಂದು ಎಡವೋ ಜಾಗ ಕಂಸ, ಅದಕ್ಕೂ ಅದೇ ಡ್ರಮ್ಮಿನ ಸುಣ್ಣ ಸಾಕು. ನೀರು ಹಾಕಿ ಅರಳಿಸಿದ ಸುಣ್ಣ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಸೂತ್ರ Ca(OH)₂, ಕ್ಯಾಲ್ಸಿಯಂ 40, ಕಂಸದೊಳಗೆ ಆಕ್ಸಿಜನ್ 16 ಹೈಡ್ರೋಜನ್ 1 ಸೇರಿ 17, ಹೊರಗಿನ 2 ಇಡೀ 17ಕ್ಕೆ, ಅಂದ್ರೆ 34, ಒಟ್ಟು 74. ಯಾರಾದ್ರೂ 58 ತಂದ್ರೆ ಅವರು ಹೈಡ್ರೋಜನ್ ಒಂದನ್ನೇ ಎರಡು ಮಾಡಿದಾರೆ ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ.

ಇವಕ್ಕೆ ಅಣು ರಾಶಿ ಅನ್ನದೆ ಸೂತ್ರ ಘಟಕ ರಾಶಿ ಅನ್ನೋದು ಯಾಕಂದ್ರೆ ಇವು ಅಯಾನುಗಳಿಂದ, ಅಂದ್ರೆ ವಿದ್ಯುದಾವೇಶ ಇರೋ ಕಣಗಳಿಂದ, ಆದವು, ಹರಳಲ್ಲಿ ಬಿಡಿ ಅಣು ಅಂತ ಇರಲ್ಲ. ಕೂಡೋ ರೀತಿ ಎರಡಕ್ಕೂ ಒಂದೇ.

ನಾಳೆ ಮಗಳ ಕೈಲಿ ಯೂರಿಯಾ ಮಾಡಿಸಿ, ಕಾರ್ಬನ್ 12, ಆಕ್ಸಿಜನ್ 16, ನೈಟ್ರೋಜನ್ ಎರಡು 28, ಹೈಡ್ರೋಜನ್ ನಾಲ್ಕು, ಒಟ್ಟು 60. ಆಮೇಲೆ 28ನ 60ರಿಂದ ಭಾಗಿಸಿ ನೂರರಿಂದ ಗುಣಿಸಕ್ಕೆ ಹೇಳಿ, 46 ಚಿಲ್ರೆ ಬರತ್ತೆ, ಗೊಬ್ಬರದ ಮೂಟೆ ಮೇಲೆ ನೈಟ್ರೋಜನ್ 46 ಪರ್ಸೆಂಟ್ ಅಂತ ಅಚ್ಚಾಗಿರತ್ತೆ, ಅವಳೇ ಹೋಗಿ ಓದ್ಕೊಂಡು ಬರ್ಲಿ.