ಓದುಗರ ಪ್ರಶ್ನೆ: ತಿಂದದ್ದು ಎಲ್ಲಿಗೆ ಹೋಗುತ್ತದೆ?

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದವು: ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಜೀರ್ಣಾಂಗಗಳ ಕೆಲಸವನ್ನು ಹೇಳಿಕೊಡುವುದು ಹೇಗೆ? ಅರ್ಧದಷ್ಟು ಪತ್ರಗಳು ಶಿಕ್ಷಕರವು. ಉಳಿದವು ಮಕ್ಕಳ ಪ್ರಶ್ನೆಗೆ ಸಿಕ್ಕಿಬಿದ್ದ ಅಪ್ಪ ಅಮ್ಮಂದಿರವು.

ಪ್ರ: ಒಂದನೇ ತರಗತಿಯ ಮಕ್ಕಳಿಗೆ ಎಷ್ಟು ಅಂಗಗಳ ಹೆಸರು ಹೇಳಿಕೊಡಬೇಕು? ಮೇದೋಜೀರಕ ಗ್ರಂಥಿಯವರೆಗೂ ಹೋಗಬೇಕೇ?

ಉ: ಬೇಡ. ಐದಾರು ವರ್ಷದವರಿಗೆ ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದದ್ವಾರ ಇಷ್ಟೇ ಸಾಕು. ಹೆಸರಿಗಿಂತ ಕ್ರಮ ಮುಖ್ಯ. ಪಿತ್ತಜನಕಾಂಗ, ಪಿತ್ತಕೋಶ, ಮೇದೋಜೀರಕ ಗ್ರಂಥಿ ಇವು ಏಳೆಂಟು ವರ್ಷಕ್ಕೆ ಬರಲಿ. ಆಗಲೂ ಒಂದು ಮಾತು ಸ್ಪಷ್ಟವಾಗಿರಲಿ: ಆಹಾರ ಈ ಮೂರರೊಳಗೆ ಹೋಗುವುದಿಲ್ಲ, ಅವುಗಳ ರಸ ಕರುಳಿಗೆ ಬಂದು ಸೇರುತ್ತದೆ. ಎಲ್ಲ ಅಂಗಗಳನ್ನೂ ಒಂದೇ ಕೊಳವೆಗೆ ಪೋಣಿಸಿದಂತೆ ಚಿತ್ರ ಬರೆದರೆ, ಅನ್ನ ಪಿತ್ತಜನಕಾಂಗದ ಮೂಲಕ ಹಾದುಹೋಗುತ್ತದೆ ಎಂದೇ ಮಕ್ಕಳು ತಿಳಿಯುತ್ತಾರೆ.

ಹೆಸರಿಗಿಂತ ಮೊದಲು ಜಾಗ ತೋರಿಸಿ. ಜಠರ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಹೊಕ್ಕುಳ ಮುಟ್ಟಿಕೊಳ್ಳುತ್ತಾರೆ. ದೊಡ್ಡವರೂ ಅಷ್ಟೇ. ಅದು ಇರುವುದು ಮೇಲೆ, ಎಡಗಡೆ, ಕೆಳಪಕ್ಕೆಲುಬುಗಳ ಮರೆಯಲ್ಲಿ. ಹೊಕ್ಕುಳದ ಸುತ್ತ ಇರುವುದು ಸಣ್ಣ ಕರುಳು. ಮಗುವನ್ನು ದೊಡ್ಡ ಕಾಗದದ ಮೇಲೆ ಮಲಗಿಸಿ ಮೈಯ ಸುತ್ತ ಗೆರೆ ಎಳೆಯಿರಿ, ಕತ್ತರಿಸಿದ ಅಂಗಗಳನ್ನು ಅವರೇ ಅಂಟಿಸಲಿ. ಮೇಲುಮುಖವಾಗಿ ಮಲಗಿಸಿ ಬರೆದ ಚಿತ್ರದಲ್ಲಿ ಮಗುವಿನ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆ. ಇಲ್ಲಿ ಎಡವುವವರೇ ಹೆಚ್ಚು, ಆದ್ದರಿಂದ ಅಂಟಿಸುವ ಮೊದಲೇ ಚಿತ್ರದ ಎಡಗೈಗೆ ಗುರುತು ಹಾಕಿಬಿಡಿ.

ಪ್ರ: ಬಾಳೆಹಣ್ಣು, ಬಿಸ್ಕತ್ತನ್ನು ಚೀಲದಲ್ಲಿ ಕಿವುಚಿ ಕಾಲುಚೀಲದಲ್ಲಿ ಹಿಂಡುವ ಪ್ರಯೋಗ ಮಾಡಿಸಿದೆವು. ಒಂದು ಗುಂಪಿನ ಚೀಲ ಒಡೆಯಿತು, ಇನ್ನೊಂದು ಗುಂಪಿನ ಕಾಲುಚೀಲದಿಂದ ಒಂದು ಹನಿಯೂ ಇಳಿಯಲಿಲ್ಲ. ಸರಿಯಾದ ಅಳತೆ ತಿಳಿಸಿ.

ಉ: ನಾಲ್ಕು ಮಕ್ಕಳ ಒಂದು ಗುಂಪಿಗೆ: ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಅರ್ಧ, ಕೆನೆ ಇಲ್ಲದ ಸಾದಾ ಬಿಸ್ಕತ್ತು ಎರಡು, ನೀರು ಮೂರು ದೊಡ್ಡ ಚಮಚ, ನಿಂಬೆರಸ ಎರಡು ದೊಡ್ಡ ಚಮಚ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಒಂದರೊಳಗೊಂದು.

ಬಿಸ್ಕತ್ತನ್ನು ಕೈಯಲ್ಲಿ ಮುರಿದು, ಬಾಳೆಹಣ್ಣನ್ನು ಫೋರ್ಕಿನಲ್ಲಿ ಜಜ್ಜಿ ಚೀಲಕ್ಕೆ ಹಾಕಲಿ. ಇದು ಹಲ್ಲಿನ ಕೆಲಸ. ನೀರು ಜೊಲ್ಲಿನ ಬದಲಿಗೆ, ನಿಂಬೆರಸ ಜಠರದ ಆಮ್ಲದ ಬದಲಿಗೆ. ಜಿಪ್ ಹಾಕುವ ಮುನ್ನ ಒಳಗಿನ ಗಾಳಿಯನ್ನೆಲ್ಲ ಒತ್ತಿ ತೆಗೆಯಿರಿ. ಚೀಲ ಒಡೆಯುವುದು ಗಾಳಿಯಿಂದ, ಹಣ್ಣಿನಿಂದಲ್ಲ. ಮೂರು ನಿಮಿಷ ಕಿವುಚಿದ ಮೇಲೆ ಚಮಚದಲ್ಲಿ ಎತ್ತಿದರೆ ನಿಧಾನವಾಗಿ ಜಾರಿ ಬೀಳುವಷ್ಟು ಗಟ್ಟಿ ಇರಬೇಕು.

ಹನಿ ಇಳಿಯದಿದ್ದುದಕ್ಕೆ ಎರಡು ಕಾರಣ ಇರಬಹುದು. ಒಂದು, ಹತ್ತಿಯ ದಪ್ಪ ಕಾಲುಚೀಲ. ಬೇಕಾದದ್ದು ಬೆರಳು ತೂರಿಸಿದರೆ ಚರ್ಮ ಕಾಣುವಂಥ ತೆಳು ನೈಲಾನ್‌ನದು. ಇನ್ನೊಂದು, ಮಿಶ್ರಣವನ್ನು ಗಟ್ಟಿಯಾಗಿಯೇ ಸುರಿದದ್ದು. ಸಣ್ಣ ಕರುಳಿಗೆ ಪಿತ್ತರಸ ಮತ್ತು ಮೇದೋಜೀರಕ ರಸ ಬಂದು ಸೇರುವುದನ್ನು ಈ ಪ್ರಯೋಗದಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾಲ್ಕು ದೊಡ್ಡ ಚಮಚ ನೀರಿಗೆ ಒಂದು ಹನಿ ಹಸಿರು ಬಣ್ಣ ಹಾಕಿ ಮಿಶ್ರಣಕ್ಕೆ ಬೆರೆಸಿ. ಪಾಠವೂ ಪೂರ್ಣವಾಯಿತು, ಮಿಶ್ರಣವೂ ಸಡಿಲವಾಯಿತು.

ಕಾಲುಚೀಲದ ತುದಿಗೆ ಗಂಟು ಹಾಕಿ, ಮಿಶ್ರಣ ಸುರಿದು, ತಟ್ಟೆಯಲ್ಲಿ ಹಾಸಿದ ಕೆಂಪು ಬಟ್ಟೆಯ ಮೇಲೆ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಒತ್ತುತ್ತ ಬನ್ನಿ. ಬರಿಯ ತಟ್ಟೆಯಾದರೆ ಮಕ್ಕಳ ಕಣ್ಣಿಗೆ ಅದು ಚೆಲ್ಲಿದ ನೀರು. ಕೆಂಪು ಬಟ್ಟೆ ಹೀರಿಕೊಂಡರೆ ಆಹಾರ ರಕ್ತಕ್ಕೆ ಸೇರಿತು ಎನ್ನಲು ದಾರಿಯಾಗುತ್ತದೆ. ಇಡೀ ಪಾಠದ ತಿರುಳು ಈ ಬಟ್ಟೆಯಲ್ಲೇ ಇದೆ. ಒಳಗೆ ಉಳಿದದ್ದನ್ನು ಒಣ ಟವೆಲಿನಲ್ಲಿ ಸುತ್ತಿ ನೀರು ತೆಗೆಯಿರಿ, ಇದು ದೊಡ್ಡ ಕರುಳು. ಕೊನೆಗೆ, ತಳದಲ್ಲಿ ಒಂದೂವರೆ ಸೆಂಟಿಮೀಟರ್ ತೂತಿರುವ ಕಾಗದದ ಲೋಟಕ್ಕೆ ಹಾಕಿ ಒತ್ತಿದರೆ ಮಕ್ಕಳು ಕಾಯುತ್ತಿದ್ದದ್ದು ಹೊರಬರುತ್ತದೆ. ಆಮೇಲೆ ಐದು ನಿಮಿಷ ತರಗತಿ ನಿಮ್ಮ ಕೈಯಲ್ಲಿರುವುದಿಲ್ಲ, ಅದಕ್ಕೂ ಸಮಯ ಇಟ್ಟುಕೊಳ್ಳಿ. ಒಟ್ಟು ಅರ್ಧ ಗಂಟೆ ಸಾಕು. ಬಿಸ್ಕತ್ತಿನಲ್ಲಿ ಕಡಲೆಕಾಯಿ, ಹಾಲು, ಗೋಧಿ ಇದ್ದರೆ ಅಲರ್ಜಿ ಇರುವ ಮಕ್ಕಳು ಯಾರೆಂದು ಮೊದಲೇ ವಿಚಾರಿಸಿ. ಮಿಶ್ರಣವನ್ನು ಯಾರೂ ಬಾಯಿಗೆ ಹಾಕದಿರಲಿ.

ಈ ಮಾದರಿ ಎರಡು ಸುಳ್ಳು ಹೇಳುತ್ತದೆ, ಅವನ್ನು ನೀವೇ ತಿದ್ದಬೇಕು. ಕರುಳಿನ ಗೋಡೆಯಲ್ಲಿ ಕಣ್ಣಿಗೆ ಕಾಣುವ ತೂತುಗಳಿಲ್ಲ. ಅಲ್ಲಿ ಹಿಂಡಿ ಸೋಸುವುದೂ ಇಲ್ಲ, ತೀರಾ ಸಣ್ಣ ಕಣಗಳಾಗಿ ಒಡೆದ ಆಹಾರವನ್ನು ಗೋಡೆಯ ಜೀವಕೋಶಗಳೇ ಒಳಕ್ಕೆ ಎಳೆದುಕೊಳ್ಳುತ್ತವೆ. ಎರಡನೆಯದು, ಚೀಲದಲ್ಲಿ ಹಣ್ಣನ್ನು ನುಣ್ಣಗೆ ಮಾಡಿದ್ದು ಕೈ, ನಿಂಬೆರಸವಲ್ಲ. ನಿಂಬೆರಸದ ಹುಳಿ ಹೆಚ್ಚುಕಡಿಮೆ ಜಠರದ ಆಮ್ಲಕ್ಕೆ ಹತ್ತಿರದ್ದೇ, ಆದರೆ ಅದರಲ್ಲಿ ಜೀರ್ಣ ಮಾಡುವ ಕಿಣ್ವ ಇಲ್ಲ.

ಪ್ರ: ಜಠರ ಆಹಾರವನ್ನು ಅರೆಯುತ್ತದೋ ಕರಗಿಸುತ್ತದೋ? ಒಳಗೆ ನಡೆಯುವುದನ್ನು ನೋಡಿದವರು ಯಾರು ಎಂದು ಎಂಟು ವರ್ಷದ ಮಗಳ ಪ್ರಶ್ನೆ.

ಉ: ಎರಡೂ ಮಾಡುತ್ತದೆ. ಕರಗಿಸುತ್ತದೆ ಎಂಬುದಕ್ಕೆ ಪುರಾವೆ ಕೊಟ್ಟದ್ದು ಒಂದು ಹಕ್ಕಿ. 1752ರಲ್ಲಿ ಫ್ರಾನ್ಸಿನ ವಿಜ್ಞಾನಿ ರೇಮ್ಯೂರ್ ಎರಡೂ ತುದಿಗೆ ಜಾಲರಿ ಕಟ್ಟಿದ ಲೋಹದ ಕೊಳವೆಯಲ್ಲಿ ಮಾಂಸ ಇಟ್ಟು ಹದ್ದಿಗೆ ನುಂಗಿಸಿದ. ಜೀರ್ಣವಾಗದ್ದನ್ನು ಕಕ್ಕುವುದು ಆ ಹಕ್ಕಿಯ ಅಭ್ಯಾಸ. ಕಕ್ಕಿದ ಕೊಳವೆ ಜಜ್ಜಿಹೋಗಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗಿತ್ತು. ಅಂದರೆ ಅರೆಯದೆಯೂ ರಸ ಕೆಲಸ ಮಾಡಿದೆ. ಮನುಷ್ಯರಲ್ಲಿ ನೋಡಿದ್ದು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್. 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನ ಗಾಯ ಮಾಯ್ದರೂ ಜಠರಕ್ಕೆ ಒಂದು ತೂತು ಉಳಿದುಬಿಟ್ಟಿತು. ಬ್ಯೂಮಾಂಟ್ ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಅದರೊಳಗೆ ಇಳಿಬಿಟ್ಟು, ಆಗಾಗ ಎಳೆದು ನೋಡಿ ಬರೆದಿಟ್ಟ. 1833ರಲ್ಲಿ ಅದು ಪುಸ್ತಕವಾಯಿತು. ಎಂಟು ವರ್ಷದವರು ಇದನ್ನು ಬಾಯಿಬಿಟ್ಟುಕೊಂಡು ಕೇಳುತ್ತಾರೆ. ಐದು ವರ್ಷದವರಿಗೆ ಹದ್ದಿನ ಕಥೆಯಷ್ಟೇ ಸಾಕು.

ಪ್ರ: ಬ್ರೆಡ್ ಅಗಿದರೆ ಸಿಹಿಯಾಗುತ್ತದೆ ಎಂದು ಮಕ್ಕಳಿಗೆ ಹೇಳಿದೆ. ಯಾರಿಗೂ ಸಿಹಿ ಎನಿಸಲಿಲ್ಲ.

ಉ: ಬೇಗ ನುಂಗಿರುತ್ತಾರೆ. ಉಗುರಿನಷ್ಟಗಲದ ತುಂಡನ್ನು ನುಂಗದೆ ಒಂದೂವರೆಯಿಂದ ಎರಡು ನಿಮಿಷ ಅಗಿಯಬೇಕು. ಮೊದಲು ಬಾಯಿ ಮುಕ್ಕಳಿಸಿರಬೇಕು. ಬ್ರೆಡ್ಡಿಗೇ ಸಕ್ಕರೆ ಹಾಕಿದ್ದರೆ ಪ್ರಯೋಗಕ್ಕೆ ಅರ್ಥವಿಲ್ಲ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತದೆ, ಅದು ನಾವು ಬಳಸುವ ಸಕ್ಕರೆಯಷ್ಟು ಸಿಹಿ ಅಲ್ಲ. ಆದ್ದರಿಂದ “ಸಿಹಿ ಆಯಿತೇ?” ಎಂದು ಕೇಳಬೇಡಿ, “ರುಚಿ ಬದಲಾಯಿತೇ?” ಎಂದು ಕೇಳಿ. ಕೂತು, ಮಾತಾಡದೆ, ನಗದೆ ಅಗಿಯಲಿ. ನಾಲ್ಕು ವರ್ಷದೊಳಗಿನವರಿಗೆ ಇದು ಬೇಡ.

ಕಣ್ಣಿಗೆ ಕಾಣುವ ಪುರಾವೆ ಬೇಕಿದ್ದರೆ ಅಯೋಡಿನ್ ಬಳಸಿ. ಒಂದು ಲೋಟ (200 ಮಿಲಿ) ನೀರಿಗೆ ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರ್ ಕದಡಿ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಎರಡು ಚಿಕ್ಕ ಲೋಟಗಳಿಗೆ ಎರಡೆರಡು ದೊಡ್ಡ ಚಮಚ ಹಾಕಿ. ಒಂದಕ್ಕೆ ಒಂದು ಚಿಕ್ಕ ಚಮಚ ಜೊಲ್ಲು, ಇನ್ನೊಂದಕ್ಕೆ ಅಷ್ಟೇ ನೀರು. ಎರಡನ್ನೂ ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ಒಂದೊಂದೇ ಹನಿ ಹಾಕಿ. ನೀರು ಹಾಕಿದ್ದು ಕಪ್ಪುನೀಲಿಗೆ ತಿರುಗುತ್ತದೆ, ಜೊಲ್ಲು ಹಾಕಿದ್ದು ತೆಳುವಾಗಿ ಅಥವಾ ಕಂದಾಗಿ ಉಳಿಯುತ್ತದೆ. ಎರಡೂ ನೀಲಿಯಾದರೆ ಗಂಜಿ ಬಿಸಿಯಿದ್ದಾಗಲೇ ಜೊಲ್ಲು ಹಾಕಿದ್ದೀರಿ, ಬಿಸಿಗೆ ಕಿಣ್ವ ಕೆಟ್ಟಿದೆ. ಅಥವಾ ಗಂಜಿ ತೀರಾ ಮಂದವಾಗಿದೆ. ಅಯೋಡಿನ್ ಹನಿಯನ್ನು ದೊಡ್ಡವರೇ ಹಾಕಬೇಕು. ಅದು ಬಟ್ಟೆಗೆ ಕಲೆ ಮಾಡುತ್ತದೆ, ಕುಡಿಯುವಂಥದ್ದೂ ಅಲ್ಲ.

ಪ್ರ: ಕರುಳು ಆರು ಮೀಟರ್ ಉದ್ದ ಎಂದು ಹಗ್ಗ ಕತ್ತರಿಸಿ ತೋರಿಸಿದೆ. “ನನ್ನದೂ ಇಷ್ಟೇ ಇದೆಯಾ?” ಎಂದು ಮಗ ಕೇಳಿದ.

ಉ: ಒಳ್ಳೆಯ ಪ್ರಶ್ನೆ. ಸಣ್ಣ ಕರುಳಿನ ಆರು ಮೀಟರ್ ಲೆಕ್ಕ ವಯಸ್ಕರದ್ದು, ಅದೂ ಸತ್ತ ಮೇಲೆ ಸ್ನಾಯು ಸಡಿಲವಾದಾಗ ಅಳೆದದ್ದು. ಬದುಕಿರುವವರಲ್ಲಿ ಸ್ನಾಯುಗಳ ಬಿಗಿಯಿಂದಾಗಿ ಅದು ಮೂರರಿಂದ ಐದು ಮೀಟರ್ ಇರುತ್ತದೆ. ಹುಟ್ಟಿದ ಮಗುವಿನಲ್ಲಿ ಸುಮಾರು ಎರಡೂವರೆಯಿಂದ ಮೂರು ಮೀಟರ್. ಮಕ್ಕಳಿಗೆ ತೋರಿಸಲು ನಾಲ್ಕು ಮೀಟರ್ ಹಗ್ಗ ತೆಗೆದುಕೊಳ್ಳಿ. ಅದನ್ನು ಕಾಗದದ ಮೈಯ ಹೊಟ್ಟೆಯೊಳಗೆ ಮಡಚಿ ತುಂಬಿಸಲು ಹೇಳಿ, ಅಷ್ಟು ಉದ್ದದ್ದು ಅಷ್ಟು ಜಾಗದಲ್ಲಿ ಹೇಗೆ ಕೂರುತ್ತದೆ ಎಂದು ಅವರಿಗೇ ಹೊಳೆಯುತ್ತದೆ.

ಉದ್ದ ಅರ್ಧ ಕಥೆ ಅಷ್ಟೇ. ಕರುಳಿನ ಒಳಗೋಡೆಯ ತುಂಬ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಎತ್ತರದ ವಿಲ್ಲೈಗಳಿವೆ, ಅಂದರೆ ಬೆರಳಿನಂತೆ ಚಾಚಿದ ಎಳೆಗಳು. ಅಂಗೈ ಅಗಲದ ನುಣುಪು ಬಟ್ಟೆ, ಅಷ್ಟೇ ಅಗಲದ ಎಳೆ ಎದ್ದ ಟವೆಲ್, ಎರಡರ ಮೇಲೂ ಎರಡೆರಡು ಚಮಚ ನೀರು ಹಾಕಿ, ಎಳೆ ಎದ್ದದ್ದು ಹೆಚ್ಚು ಹೀರುವುದನ್ನು ತೋರಿಸಿ. ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂಬ ಮಾತು ಇನ್ನೂ ಪುಸ್ತಕಗಳಲ್ಲಿದೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದಾಗ ಸಿಕ್ಕಿದ್ದು ಸುಮಾರು 30 ಚದರ ಮೀಟರ್. ಅದೇನು ಕಡಿಮೆಯೇ? ಮಧ್ಯಮ ಗಾತ್ರದ ತರಗತಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಮೀಟರ್‌ಗೆ ಆರು ಮೀಟರ್ ಚೌಕಟ್ಟು ಎಳೆಸಿ.

ಪ್ರ: ನೀರಿಗೆ ಬೇರೆ ಕೊಳವೆ, ಊಟಕ್ಕೆ ಬೇರೆ ಕೊಳವೆ ಎಂದು ಮಕ್ಕಳು ಹಟ ಹಿಡಿಯುತ್ತಾರೆ.

ಉ: ಹೊರಬರುವ ದಾರಿ ಎರಡಿರುವಾಗ ಒಳಹೋಗುವುದೂ ಎರಡು ಎನಿಸುವುದು ಸಹಜ. ಮಕ್ಕಳ ತರ್ಕ ತಪ್ಪಲ್ಲ, ಚಿತ್ರದಲ್ಲಿ ರಕ್ತ ಇಲ್ಲದಿರುವುದು ತಪ್ಪು. ನೀರೂ ಊಟವೂ ಒಂದೇ ಅನ್ನನಾಳದಲ್ಲಿ ಇಳಿಯುತ್ತವೆ. ನೀರಿನ ಬಹುಪಾಲು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಆ ರಕ್ತವನ್ನು ಸೋಸಿ ಮೂತ್ರ ಮಾಡುವುದು ಮೂತ್ರಪಿಂಡ. ಕರುಳಿನಿಂದ ಮೂತ್ರಕೋಶಕ್ಕೆ ನೇರ ಕೊಳವೆ ಇಲ್ಲ. ಚಿತ್ರದಲ್ಲಿ ಕರುಳಿನಿಂದ ಮೂತ್ರಪಿಂಡಕ್ಕೆ ಕೆಂಪು ಬಾಣ ಎಳೆದರೆ ಜಗಳ ಮುಗಿಯಿತು.

ಗಂಟಲಿನಲ್ಲಿ ನಿಜಕ್ಕೂ ಎರಡು ಕೊಳವೆಗಳಿವೆ, ಒಂದು ಊಟಕ್ಕೆ, ಒಂದು ಉಸಿರಿಗೆ. ಕತ್ತಿನ ಮುಂಭಾಗದ ಗಟ್ಟಿ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಜೊಲ್ಲು ನುಂಗಲು ಹೇಳಿ. ಉಬ್ಬು ಮೇಲಕ್ಕೆ ಹಾರಿ ಕೆಳಗೆ ಬರುತ್ತದೆ. ಆ ಕ್ಷಣದಲ್ಲಿ ಉಸಿರುನಾಳದ ಬಾಯಿ ಮುಚ್ಚಿರುತ್ತದೆ. ನುಂಗುತ್ತಲೇ ಉಸಿರೆಳೆಯಲು ಯಾರಿಗೂ ಆಗುವುದಿಲ್ಲ. ಊಟದ ಬಾಯಲ್ಲಿ ನಗಬೇಡ ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗದು.

ಪ್ರ: ಹಣ್ಣಿನ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂದು ಯಾರೋ ಹೆದರಿಸಿದ್ದಾರೆ.

ಉ: ಹುಟ್ಟುವುದಿಲ್ಲ. ಗಟ್ಟಿ ಸಿಪ್ಪೆಯ ಸಣ್ಣ ಬೀಜ ಹಾಗೆಯೇ ಹೊರಬರುತ್ತದೆ. ಅಲ್ಲಿಯ ಆಮ್ಲ, ಅಲ್ಲಿ ಕಳೆಯುವ ಒಂದೆರಡು ದಿನ, ಗಾಳಿಯ ಕೊರತೆ ಇವುಗಳ ನಡುವೆ ಬೀಜ ಬೆಳೆದು ಗಿಡವಾಗುವ ಪ್ರಶ್ನೆಯೇ ಇಲ್ಲ. ಆದರೆ ನುಂಗಿದ್ದೆಲ್ಲ ಹೊರಬರುತ್ತದೆ ಎಂದು ಮಾತ್ರ ಹೇಳಬೇಡಿ. ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಬಲ್ಲದು. ಎರಡು ಮ್ಯಾಗ್ನೆಟ್ ನುಂಗಿದರೆ ಕರುಳಿನ ಮಡಿಕೆಗಳನ್ನು ಹಿಡಿದು ತೂತು ಮಾಡಬಲ್ಲವು. ಇವೆರಡರಲ್ಲಿ ಯಾವುದೇ ಆಗಲಿ, ಕಾದು ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರ: ಕಕ್ಕದ ಮಾತು ಬಂದರೆ ತರಗತಿಯೆಲ್ಲ ನಗು. ಆ ಭಾಗ ಬಿಟ್ಟುಬಿಡಲೇ?

ಉ: ಬಿಡಬೇಡಿ, ಮಕ್ಕಳಿಗೆ ಪಾಠ ನೆನಪಿರುವುದೇ ಅದರಿಂದ. ನಗಲಿ, ಒಂದು ನಿಮಿಷ ಬಿಟ್ಟು ಮುಂದುವರಿಸಿ. ಮಲ ಎಂದರೆ ಬರೀ ಉಳಿದ ಆಹಾರ ಎಂದು ಹೇಳಿ ನಿಲ್ಲಿಸದಿರಿ. ಅದರ ಮುಕ್ಕಾಲು ಪಾಲು ನೀರು. ಉಳಿದದ್ದರಲ್ಲಿ ಜೀರ್ಣವಾಗದ ನಾರು, ದೊಡ್ಡ ಕರುಳಿನ ಬ್ಯಾಕ್ಟೀರಿಯಾ, ಕರುಳಿನ ಉದುರಿದ ಜೀವಕೋಶಗಳು ಇರುತ್ತವೆ. ಕಂದು ಬಣ್ಣ ಬರುವುದು ಪಿತ್ತರಸದಿಂದ. ಚೀಲಕ್ಕೆ ಹಾಕಿದ ಹಸಿರು ಹನಿಯನ್ನು ನೆನಪಿಸಿ, ಬ್ಯಾಕ್ಟೀರಿಯಾ ಅದರ ಬಣ್ಣ ಬದಲಿಸುತ್ತವೆ ಎಂದರೆ ಸಾಕು.

ಸಮಯದ ಲೆಕ್ಕವನ್ನೂ ಇಲ್ಲೇ ಕೊಡಬಹುದು. ಅನ್ನನಾಳ ಹತ್ತು ಸೆಕೆಂಡಿನೊಳಗೆ, ಜಠರ ಎರಡರಿಂದ ನಾಲ್ಕು ಗಂಟೆ, ಸಣ್ಣ ಕರುಳು ಮೂರರಿಂದ ಐದು ಗಂಟೆ, ಉಳಿದ ಸಮಯವೆಲ್ಲ ದೊಡ್ಡ ಕರುಳಿನಲ್ಲಿ. ಒಟ್ಟು ಒಂದರಿಂದ ಮೂರು ದಿನ. ಕೊಬ್ಬು ಹೆಚ್ಚಿದ್ದರೆ ಜಠರದಲ್ಲೇ ತಡವಾಗುತ್ತದೆ. ಬೆಳಿಗ್ಗೆ ತಿಂದದ್ದೇ ಮಧ್ಯಾಹ್ನ ಹೊರಬಂತು ಎಂಬ ಮಕ್ಕಳ ಲೆಕ್ಕ ಸಾಮಾನ್ಯವಾಗಿ ತಪ್ಪು. ತುಂಬಿದ ಜಠರ ದೊಡ್ಡ ಕರುಳಿಗೆ ಚಾಲನೆ ಕೊಡುತ್ತದೆ, ಹೊರಬರುವುದು ಹಿಂದಿನ ದಿನದ್ದು. ನಾಲ್ಕು ವರ್ಷ ದಾಟಿದವರು ಮನೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಾಳು ತಿಂದು ಗಂಟೆ ಬರೆದಿಟ್ಟರೆ, ಜೀರ್ಣವಾಗದ ಹಳದಿ ಸಿಪ್ಪೆ ಯಾವಾಗ ಕಾಣಿಸಿತು ಎಂದು ಅವರೇ ಲೆಕ್ಕ ಹಾಕಬಹುದು.

ಬೀಟ್‌ರೂಟ್ ತಿಂದ ಮರುದಿನ ಕೆಂಪು ಕಂಡರೆ ಗಾಬರಿ ಬೇಡ ಎಂದು ಮಕ್ಕಳಿಗೂ ಪೋಷಕರಿಗೂ ತಿಳಿಸಿ. ಬೀಟ್‌ರೂಟ್ ತಿನ್ನದೆಯೇ ಕೆಂಪು ಕಂಡರೆ, ಡಾಂಬರಿನಂತೆ ಕಪ್ಪಾಗಿದ್ದರೆ ಅಥವಾ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ದೊಡ್ಡವರಿಗೆ ಹೇಳಬೇಕು, ದೊಡ್ಡವರು ವೈದ್ಯರಿಗೆ ತೋರಿಸಬೇಕು.