ಡಿಸೆಂಬರಿನಲ್ಲಿ ಮೆಚ್ಚಿದ ಮನೆಯನ್ನು ಜುಲೈನಲ್ಲಿ ನೋಡಿ

ದಾವಣಗೆರೆಯ ತಂಗಿ, ನಿಮ್ಮ ಪತ್ರ ಓದಿದೆ. ಗಂಡ-ಹೆಂಡತಿ ಇಬ್ಬರೂ ನಿವೃತ್ತರಾಗಿದ್ದೀರಿ. ಟೆಂಪೋ ಟ್ರಾವೆಲರ್ ತೆಗೆದುಕೊಂಡು ಅದರಲ್ಲೇ ಮಲಗಲು, ಅಡುಗೆ ಮಾಡಲು ಬರುವ ಹಾಗೆ ಮಾಡಿಸುತ್ತಿದ್ದೀರಿ. ಪುಣೆ, ಮುಂಬೈ, ಗೋವಾ ಸುತ್ತಿ, ಮನಸ್ಸಿಗೆ ಬಂದ ಕಡೆ ಮನೆ ಕೊಂಡು ಉಳಿಯುವ ಆಸೆ. ಅದರಲ್ಲೂ ಗೋವಾದ ಹಳೇ ಹೆಂಚಿನ ಮನೆಯ ಮೇಲೆ ಕಣ್ಣು. ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು, ಭಾಷೆ ಹೇಗೆ, ಖರ್ಚು ಎಷ್ಟು, ಹೊರಗಿನವರು ಅಂತ ನೋಡುತ್ತಾರಾ, ಮನೆ ಹುಡುಕುವುದು ಹೇಗೆ, ಇಷ್ಟು ಕೇಳಿದ್ದೀರಿ. ನಾವು ಧಾರವಾಡದವರು. ಮುಂಬೈ ಬದಿಯಲ್ಲಿ ಸಂಸಾರ ಮಾಡಿ, ನಿವೃತ್ತಿಯಾದ ಮೇಲೆ ನಿಮ್ಮ ಹಾಗೇ ಗಾಡಿ ಹತ್ತಿ, ಕೊನೆಗೆ ಗೋವಾದ ಪೋಂಡಾದಲ್ಲಿ ನಿಂತವರು. ಅದಕ್ಕೇ ಬರೆಯುತ್ತಿದ್ದೇನೆ.

ಖರ್ಚಿನದು ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ಪಿಂಚಣಿ ಎಷ್ಟೋ ನನಗೆ ಗೊತ್ತಿಲ್ಲ. ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಅನ್ನುವುದರ ಮೇಲೆ ಡೀಸೆಲ್ ನಿಂತಿದೆ. ನಿಧಾನ ಹೋಗಿ, ಒಂದು ಕಡೆ ಜಾಸ್ತಿ ದಿನ ಇರಿ, ಕಡಿಮೆ ಆಗುತ್ತದೆ. ಭಾಷೆಯೂ ಅಷ್ಟೇ. ಮರಾಠಿ ಬಂದರೆ ಮೂರೂ ಕಡೆ ನಡೆಯುತ್ತದೆ, ಕೊಂಕಣಿ ಕಿವಿಗೆ ಬಿದ್ದು ಬಿದ್ದು ಬರುತ್ತದೆ.

ಗಾಡಿಯ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಒಳಗೆ ಮಂಚ, ಒಲೆ, ಸಿಂಕ್ ಕೂರಿಸಿದರೆ ಆಯಿತು ಅಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಅದು ಮೋಟರ್ ಕ್ಯಾರವಾನ್ ಅಂತ ಬದಲಾಗಬೇಕು. ಅದಕ್ಕೆ ಎಐಎಸ್-124 ಅಂತ ಒಂದು ಮಾನದಂಡ ಇದೆ. ಮಾಡಿಸಿಕೊಡುವವರು ಅದನ್ನು ಬಲ್ಲವರಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಲು ಅದೇ ಸಾಕು. ಆಮೇಲೆ ಲೈಸೆನ್ಸ್. 55 ದಾಟಿದ ಮೇಲೆ ಅದು ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ಜೊತೆಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಹೊರಡುವ ಮುಂಚೆ ದಾವಣಗೆರೆಯಲ್ಲೇ ಮುಗಿಸಿಕೊಳ್ಳಿ. ಕೆಎ ನಂಬರಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ಉಳಿದರೆ ಅಲ್ಲಿ ಮರುನೋಂದಣಿ ಮಾಡಿಸಿ ಅಲ್ಲಿಯ ತೆರಿಗೆ ಕಟ್ಟಬೇಕು. ಸುತ್ತಾಡುವವರೆಗೆ ಇದರ ಚಿಂತೆ ಇಲ್ಲ. ಮನೆ ಮಾಡಿದ ದಿನದಿಂದ ಲೆಕ್ಕ ಇಟ್ಟುಕೊಳ್ಳಿ.

ದಾರಿ ನಿಮಗೆ ಗೊತ್ತೇ ಇದೆ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ಅಂತ ಹೆದ್ದಾರಿ 48 ನೇರ ಪುಣೆಗೆ ಒಯ್ಯುತ್ತದೆ. ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ಉದ್ದದ ಇಳಿಜಾರು. ಅಲ್ಲಿ ಬ್ರೇಕ್ ಸೋತ ಲಾರಿಗಳು ಹಿಂದಿನಿಂದ ಬಂದು ಗುದ್ದುವ ಸುದ್ದಿ ಪುಣೆಯ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಬುದ್ಧಿ ನಿಮ್ಮವರಿಗೆ ಇದ್ದರೆ ಅಲ್ಲಿ ಬೇಡ. ಹಗಲಲ್ಲಿ, ಕಡಿಮೆ ಗೇರಿನಲ್ಲಿ ಇಳಿಯಿರಿ.

ಪುಣೆ ನಿವೃತ್ತರಿಗೆ ಒಳ್ಳೆಯ ಊರು, ಸುಳ್ಳಲ್ಲ. ಹವೆ ಒಣ, ಆಸ್ಪತ್ರೆ ಹತ್ತಿರ. ಕನ್ನಡ ಸಂಘದವರು ಕಾವೇರಿ ಹೆಸರಿನಲ್ಲಿ ಶಾಲೆ, ಕಾಲೇಜು ನಡೆಸುತ್ತಾರೆ, ಕನ್ನಡ ಮಾತಿಗೆ ಬರ ಇಲ್ಲ. ಆದರೆ ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಫ್ಲಾಟ್ ನೋಡಲು ಹೋದರೆ ಈಜುಕೊಳ ತೋರಿಸುತ್ತಾರೆ, ನೀರಿನ ಟ್ಯಾಂಕರ್ ತೋರಿಸುವುದಿಲ್ಲ. ಏಪ್ರಿಲ್‌ನಲ್ಲಿ ಹೋಗಿ ಗೇಟಿನ ಹತ್ತಿರ ಅರ್ಧ ತಾಸು ಸುಮ್ನೆ ನಿಂತರೆ ಎಲ್ಲಾ ಗೊತ್ತಾಗುತ್ತದೆ.

ಮುಂಬೈಗೆ ಗಾಡಿ ತರಲೇಬೇಡಿ. ಪನವೇಲ್‌ನಲ್ಲೋ ಡೊಂಬಿವಲಿಯಲ್ಲೋ ಗುರುತಿನವರ ಕಡೆ ನಿಲ್ಲಿಸಿ ಲೋಕಲ್ ಹಿಡಿಯಿರಿ. ಮಾಟುಂಗಾದಲ್ಲಿ ಇಳಿದು 1942ರ ರಾಮಾ ನಾಯಕರ ಉಡುಪಿ ಊಟದ ಮನೆಯಲ್ಲಿ ಬಾಳೆಲೆ ಊಟ ಮಾಡಿ. ಹತ್ತಿರದಲ್ಲೇ ಇರುವ ಮೈಸೂರು ಅಸೋಸಿಯೇಷನ್‌ನಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಕುಳಿತು ನೋಡಿ, ವಾಪಸ್ ಬನ್ನಿ. ಈ ವಯಸ್ಸಿನಲ್ಲಿ ಹೊಸದಾಗಿ ಬಂದು ನೆಲೆಸುವ ಊರಲ್ಲ ಅದು.

ಇಷ್ಟು ಹೇಳಿದರೂ ಆ ಊರಿನ ಮೇಲೆ ನನಗೆ ಋಣ ಇದೆ. 1982ರಲ್ಲಿ ಮದುವೆಯಾಗಿ ಬಂದಾಗ ಧಾರವಾಡದಿಂದ ಮಿರಜ್‌ವರೆಗೆ ಮೀಟರ್ ಗೇಜ್ ರೈಲು. ಅಲ್ಲಿ ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ ಗಂಟು ಎಲ್ಲ ಇಳಿಸಿ ದೊಡ್ಡ ಗೇಜಿನ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಡೊಂಬಿವಲಿಯ ಚಾಳಿನಲ್ಲಿ ಒಂದೇ ಖೋಲಿ. ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಮಾರನೇ ದಿನ ಕತ್ತಲಿರುವಾಗಲೇ ಯಾರೋ ಬಾಗಿಲು ಬಡಿದರು. ಪಕ್ಕದ ಖೋಲಿಯ ಮರಾಠಿ ಕಾಕು. ನನ್ನ ಕೊಡ ಕೇಳಿ ತಗೊಂಡು ತನ್ನ ಕೊಡದ ಹಿಂದೆ ಸಾಲಿನಲ್ಲಿ ಇಟ್ಟಳು. ಆಗ ನನಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಮನೆ ಹುಡುಕುವಾಗ ಗೋಡೆ, ಹೆಂಚು, ಬಾವಿ ಎಲ್ಲ ನೋಡುತ್ತೀರಿ. ಪಕ್ಕದಲ್ಲಿ ಬಾಗಿಲು ಬಡಿಯುವವರು ಇದ್ದಾರಾ ಅಂತಲೂ ನೋಡಿ.

ಇನ್ನು ಗೋವಾ. ಬೆಳಗಾವಿಯಿಂದ ಚೋರ್ಲಾ, ರಾಮನಗರದಿಂದ ಅನಮೋಡ, ಇಲ್ಲ ಕಾರವಾರದಿಂದ ಕರಾವಳಿ ರಸ್ತೆ. ದೊಡ್ಡ ಗಾಡಿಗೆ ಕಾರವಾರದ ದಾರಿಯೇ ಮೇಲು. ಮಳೆಗಾಲದಲ್ಲಿ ಎರಡೂ ಘಾಟಿಗಳಲ್ಲಿ ಮಂಜು, ಒಮ್ಮೊಮ್ಮೆ ಗುಡ್ಡ ಜರಿಯುವುದೂ ಉಂಟು. ರಾತ್ರಿ ಬೀಚಿನ ಪಕ್ಕ ಗಾಡಿ ನಿಲ್ಲಿಸಿ, ಹೊರಗೆ ಒಲೆ ಹಚ್ಚಿ ಚಹಾ ಕಾಯಿಸುವ ಕನಸಿದ್ದರೆ ಬಿಟ್ಟುಬಿಡಿ. ಬಸ್ಸು ಮಾಡಿಕೊಂಡು ಬಂದು ರಸ್ತೆ ಬದಿ ಅನ್ನ ಬೇಯಿಸಿ, ಪತ್ರಾವಳಿ ಅಲ್ಲೇ ಎಸೆದು ಹೋಗುವವರಿಂದ ಇಲ್ಲಿಯವರಿಗೆ ಸಾಕಾಗಿತ್ತು. 2019ರಲ್ಲಿ ಕಾನೂನು ತಿದ್ದಿ, ಪ್ರವಾಸಿ ಸ್ಥಳಗಳಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ ದಂಡ ಅಂತ ಮಾಡಿದರು. ಆ ಬಸ್ಸುಗಳಲ್ಲಿ ನಮ್ಮ ಕಡೆಯವೂ ಇದ್ದವು, ಹಾಗಾಗಿ ನಾನು ದೂರುವುದಿಲ್ಲ. ಅಡುಗೆ ಗಾಡಿಯ ಒಳಗೇ ಇರಲಿ. ನಾವು ಹೆಚ್ಚಾಗಿ ಪೋಂಡಾ ಬದಿಯ ದೇವಸ್ಥಾನಗಳ ಹತ್ತಿರ, ಆಫೀಸಿನಲ್ಲಿ ಕೇಳಿಕೊಂಡು ನಿಲ್ಲಿಸುತ್ತಿದ್ದೆವು. ಮಂಗೇಶಿ, ಕವಳೆಯಂಥ ಕಡೆ ಅಗ್ರಶಾಲೆಗಳಿವೆ, ಅಂದರೆ ದೇವಸ್ಥಾನಕ್ಕೆ ಬಂದವರು ತಂಗುವ ಖೋಲಿಗಳು. ಒಂದು ಖೋಲಿ ಸಿಕ್ಕರೆ ಸ್ನಾನ, ಪಾಯಖಾನೆ ಚಿಂತೆ ತಪ್ಪುತ್ತದೆ. ಗಾಡಿಯೊಳಗಿನ ಪಾಯಖಾನೆ ಡಬ್ಬಿ ತೊಳೆಯುವ ಕೆಲಸ ಯಾರದು ಅಂತ ಹೊರಡುವ ಮುಂಚೆಯೇ ಗಂಡ-ಹೆಂಡತಿ ಮಾತಾಡಿ ತೀರ್ಮಾನಿಸಿಕೊಳ್ಳಿ. ನಗಬೇಡಿ, ನಮ್ಮಲ್ಲಿ ದೊಡ್ಡ ಜಗಳಗಳೆಲ್ಲ ಅದಕ್ಕೇ ಆದದ್ದು.

ಈಗ ಮನೆಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಸಾಲು ಒಂದೇ: ‘ದಾವಣಗೆರೆ ಮನೆ ಮಾರಿ ಕೈಯಲ್ಲಿ ದುಡ್ಡು ಇಟ್ಟುಕೊಂಡೇ ಹೊರಡುತ್ತೇವೆ.’

ನಾವೂ ಹಾಗೇ ಹೊರಟವರು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆ ಇತ್ತು. ಬಾಡಿಗೆದಾರರ ಕಿರಿಕಿರಿ, ಮಕ್ಕಳು ಬರುವವರಲ್ಲ, ಹೇಗೂ ಗೋವಾದಲ್ಲಿ ತಗೊಳ್ಳುತ್ತೇವಲ್ಲ ಅಂತ ಮಾರಿ, ಒಂದು ಭಾಗ ಗಾಡಿಗೆ ಹಾಕಿ, ಉಳಿದದ್ದು ಬ್ಯಾಂಕಿನಲ್ಲಿ ಇಟ್ಟೆವು. ಡಿಸೆಂಬರಿನಲ್ಲಿ ದಕ್ಷಿಣ ಗೋವಾದ ಸಾಸಷ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ಮನೆ ಕಂಡಿತು. ಮುಂದೆ ಬಲ್ಕಾಂವ್ ಅನ್ನುವ, ಕೂರುವ ಕಟ್ಟೆ, ಕಿಟಕಿಗೆ ಗಾಜಿನ ಬದಲು ಸಿಂಪಿಯ ಚಿಪ್ಪು, ಹಿತ್ತಲಲ್ಲಿ ಬಾವಿ, ಹಲಸಿನ ಮರ. ನಮ್ಮನೆಯವರು ಆ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ದಲಾಲ ಹೇಳಿದ ಮುಂಗಡ ಕೊಟ್ಟೆವು.

ಮಡಗಾಂವ್‌ನ ವಕೀಲರು ಕಾಗದ ನೋಡಿ ನಕ್ಕರು. ಮನೆ ಇದ್ದದ್ದು ತೀರಿಹೋದ ಅಜ್ಜನ ಹೆಸರಿನಲ್ಲಿ. ಗೋವಾದಲ್ಲಿ ಆಸ್ತಿ ಹಂಚಿಕೆಗೆ ಮೂಲ 1867ರ ಪೋರ್ಚುಗೀಸ್ ಸಿವಿಲ್ ಕೋಡ್. ಅಪ್ಪ ಅಮ್ಮ ಮನಸ್ಸು ಬಂದ ಹಾಗೆ ಉಯಿಲು ಬರೆದು ಒಬ್ಬನಿಗೇ ಎಲ್ಲಾ ಕೊಡುವಂತಿಲ್ಲ, ಅರ್ಧ ಆಸ್ತಿ ಮಕ್ಕಳಿಗೆ ಹೋಗಲೇಬೇಕು, ಹೆಣ್ಣುಮಕ್ಕಳಿಗೂ ಸರಿಸಮ. ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ, ಹೆಂಡತಿಯದರಲ್ಲಿ ಗಂಡನಿಗೆ ಪಾಲು. ಇದು ನ್ಯಾಯವಾದ ಕಾನೂನು ಅಂತಲೇ ನನ್ನ ಅಭಿಪ್ರಾಯ. ನಮ್ಮ ಕಡೆ ಹೆಣ್ಣುಮಕ್ಕಳು ಇದಕ್ಕಾಗಿ ಎಷ್ಟು ಕೋರ್ಟು ಅಲೆದರು, ನಿಮಗೆ ಹೇಳಬೇಕಾಗಿಲ್ಲ. ಆದರೆ ಕೊಳ್ಳುವವರಿಗೆ ಇದರ ಅರ್ಥ ಬೇರೆ. ಅಜ್ಜನ ಮಕ್ಕಳು, ಅವರ ಗಂಡ-ಹೆಂಡಿರು, ಮೊಮ್ಮಕ್ಕಳು, ಎಲ್ಲರ ಸಹಿ ಬೇಕು. ಇಲ್ಲವೇ ಕೋರ್ಟಿನಲ್ಲಿ ಇನ್ವೆಂಟರಿ ಅಂತ ನಡೆಸಿ ಪಾಲು ಬಿಡಿಸಿಕೊಂಡಿರಬೇಕು. ಒಬ್ಬ ಮಗಳು ಲಿಸ್ಬನ್ನಿನಲ್ಲಿ, ಒಬ್ಬ ಮೊಮ್ಮಗ ಕೆನಡಾದಲ್ಲಿ. ಒಬ್ಬರಿಗೊಬ್ಬರು ಮಾತಿಲ್ಲ.

ಹಿತ್ತಲಿನ ಸಣ್ಣ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನಾವು ಕೆಲಸದವಳು ಅಂದುಕೊಂಡಿದ್ದೆವು. ಆಕೆ ಮುಂಡ್ಕಾರ್. ಅಂದರೆ ಧಣಿಯ ನೆಲದಲ್ಲಿ ತಲೆಮಾರಿನಿಂದ ಮನೆ ಮಾಡಿಕೊಂಡು ಇದ್ದವರು, 1975ರ ಕಾನೂನಿನಿಂದ ಅವರನ್ನು ಎಬ್ಬಿಸುವಂತಿಲ್ಲ. ‘ಎಬ್ಬಿಸಬಹುದು ಅಂದರೂ ನಾನು ಎಬ್ಬಿಸುವವನಲ್ಲ’ ಅಂದರು ನಮ್ಮನೆಯವರು. ಆಕೆಯ ಹಿತ್ತಲಿನ ಹಲಸಿನ ಹಣ್ಣನ್ನೇ ನಾವು ತಿಂದಿದ್ದೆವು.

ಮುಂಗಡ ವಾಪಸ್ ಬಂತು, ಕಂತು ಕಂತಾಗಿ. ಅಷ್ಟರಲ್ಲಿ ಧಾರವಾಡದಲ್ಲಿ ನಮ್ಮದು ಅನ್ನುವುದು ಏನೂ ಇರಲಿಲ್ಲ. ಆ ಸಲ ದಸರಾಕ್ಕೆ ಊರಿಗೆ ಹೋದಾಗ ತಮ್ಮನ ಮನೆ ತುಂಬಾ ನೆಂಟರು. ಅವನ ಮನೆ ಮುಂದೆ ಗಾಡಿ ನಿಲ್ಲಿಸಿ ಅದರಲ್ಲೇ ಮಲಗಿದೆವು. ‘ನಮ್ಮೂರಿಗೇ ಪ್ರವಾಸಿ ಆಗಿ ಬಂದೆವಲ್ಲೇ’ ಅಂದರು ಇವರು. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮಾಳಮಡ್ಡಿಯ ಆ ರಸ್ತೆಗೆ ಇವತ್ತಿಗೂ ಹೋಗುವುದಿಲ್ಲ. ಮನೆ ಕೆಡವಿ ಅಪಾರ್ಟ್‌ಮೆಂಟ್ ಮಾಡಿದ್ದಾರಂತೆ.

ಅದಕ್ಕೇ ಹೇಳುತ್ತೇನೆ, ಮಾರಬೇಡಿ. ಬಾಡಿಗೆಗೆ ಕೊಡಿ, ಬೀಗ ಹಾಕಿ, ತಂಗಿಯ ಮಗನನ್ನು ಇಡಿ, ಏನಾದರೂ ಮಾಡಿ. ಗಾಡಿಗೆ ದುಡ್ಡು ಸಾಲದಿದ್ದರೆ ಸಣ್ಣ ಗಾಡಿ ತಗೊಳ್ಳಿ.

ಗೋವಾದಲ್ಲಿ ಏನೇ ನೋಡಿದರೂ ಒಂದು-ಹದಿನಾಲ್ಕು ನಮೂನೆ ಕೇಳಿ. ನಮ್ಮ ಉತಾರ, ಅಂದರೆ ಪಹಣಿ, ಇದ್ದ ಹಾಗೆ. ಅದರಲ್ಲಿ ಗೇಣಿದಾರರು, ಬೇರೆ ಹಕ್ಕುದಾರರು ಯಾರು ಅಂತ ಇರುತ್ತದೆ. ಗದ್ದೆ ಪಕ್ಕದ ಜಾಗ ಸೋವಿ ಅಂತ ತೋರಿಸಿದರೆ ಹೋಗಬೇಡಿ. ಭತ್ತದ ಗದ್ದೆಯನ್ನು ರೈತರಲ್ಲದವರಿಗೆ ಮಾರದಂತೆ 2023ರಲ್ಲಿ ಕಾನೂನು ಬಂದಿದೆ. ಒಳ್ಳೆಯದೇ ಆಯಿತು, ಉಳಿದಿರುವುದೇ ಸ್ವಲ್ಪ. ವಕೀಲರನ್ನು ನೀವೇ ಹುಡುಕಿ, ದಲಾಲ ತೋರಿಸಿದವರು ಬೇಡ.

ಮತ್ತೆ ಮಳೆ. ಗಾಡಿಯಲ್ಲಿ ತಿರುಗುವವರು ನವೆಂಬರಿನಿಂದ ಫೆಬ್ರವರಿಯವರೆಗೆ ಬರುತ್ತಾರೆ. ಆಗ ಗೋವಾದಲ್ಲಿ ಯಾವ ಮನೆಯೂ ಚೆಂದವೇ. ಬೆಳಿಗ್ಗೆ ಪೋದೇರ್ ಸೈಕಲ್ ಹಾರ್ನ್ ಒತ್ತಿಕೊಂಡು ಪಾವ್ ತರುತ್ತಾನೆ, ಬಿಸಿಲು ಹಿತ, ಗಂಡಸರು ತಕ್ಷಣ ಚೆಕ್‌ಬುಕ್ ತೆಗೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಮನೆಯಲ್ಲಿ ಇದ್ದು ನೋಡಬೇಕು. ಬಾಗಿಲು ಉಬ್ಬಿ ಮುಚ್ಚುವುದಿಲ್ಲ. ಚರ್ಮದ ಬೆಲ್ಟು, ಚಪ್ಪಲಿ ಮೇಲೆ ಬೂಷ್ಟು. ಬಟ್ಟೆ ನಾಕು ದಿನವಾದರೂ ಒಣಗುವುದಿಲ್ಲ. ಕರೆಂಟ್ ಹೋದರೆ ಹೋಯಿತು. ಇಲ್ಲಿಯವರು ಮೇ ತಿಂಗಳಲ್ಲೇ ಮೆಣಸಿನಕಾಯಿ, ಕೋಕಂ, ಒಣಮೀನು ತುಂಬಿಟ್ಟುಕೊಳ್ಳುತ್ತಾರೆ, ಪುರುಮೆಂತ್ ಅನ್ನುತ್ತಾರೆ. ನಾವು ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಮಾಡಿಡುತ್ತೇವಲ್ಲ, ಹಾಗೇ. ಹಳೇ ಹೆಂಚಿನ ಮನೆಯಾದರೆ ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಹತ್ತುವವರು ಯಾರು? ನಿಮ್ಮವರಿಗೆ ಮೊಣಕಾಲು ನೋವು ಅಂತ ನೀವೇ ಬರೆದಿದ್ದೀರಿ.

ನಾವು ಪೋಂಡಾದಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು, ಆಮೇಲೆ ಅದೇ ಕಟ್ಟಡದಲ್ಲಿ ಫ್ಲಾಟ್ ಕೊಂಡೆವು. ಮೊದಲ ಮಹಡಿ, ಲಿಫ್ಟ್ ಇದೆ, ಬಲ್ಕಾಂವ್ ಇಲ್ಲ. ಬೆಳಗಾವಿ ರಸ್ತೆ ಊರ ನಡುವೆಯೇ ಹೋಗುತ್ತದೆ, ಹುಬ್ಬಳ್ಳಿ ಬಸ್ಸು ಸಿಗುತ್ತದೆ. ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಬಹಳ ದೂರವಲ್ಲ. ಗಾಡಿ ಕೆಳಗೆ ತಾಡಪತ್ರಿ ಹೊದ್ದು ನಿಂತಿರುತ್ತದೆ. ಮಳೆಗಾಲದಲ್ಲಿ ಇವರು ಪೇಪರ್ ಹಿಡಿದು ಅದರೊಳಗೆ ಹೋಗಿ ಕೂರುತ್ತಾರೆ. ನಾನು ಏನೂ ಅನ್ನುವುದಿಲ್ಲ.

ಹೊರಗಿನವರು ಅಂತ ನೋಡುತ್ತಾರಾ ಅಂದಿರಿ. ನೋಡುತ್ತಾರೆ. ಘಾಟಿ ಮೇಲಿನವರು ಅಂತ ಒಂದು ಹಗುರ ಮಾತು ಇದ್ದೇ ಇದೆ. ನಮ್ಮ ಜನ ಇಲ್ಲಿಗೆ ಬಂದದ್ದು ರಸ್ತೆ, ಬಂದರು, ಕಟ್ಟಡದ ಕೆಲಸಕ್ಕೆ. ವಾಸ್ಕೋದ ಬೈನಾದಲ್ಲಿ 2004ರಲ್ಲಿ ಅವರ ಗುಡಿಸಲುಗಳನ್ನು ಕೆಡವಿದ್ದನ್ನು ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಈ ಊರನ್ನು ಕಟ್ಟಿದ್ದರಲ್ಲಿ ಅವರ ಬೆವರೂ ಇದೆ. ಪಿಂಚಣಿ ಇರುವ ನಮ್ಮಂಥವರಿಗೆ ಸಿಗುವ ಮರ್ಯಾದೆ ಅವರಿಗೆ ಸಿಗುವುದಿಲ್ಲ, ಅದನ್ನು ಮರೆತು ‘ನಾವು ಅಂಥವರಲ್ಲ’ ಅಂತ ಯಾರೆದುರೂ ಹೇಳಬೇಡಿ. ಪೋಂಡಾ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಗದಗಿನ ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡಿ.

ಈ ಸಲ ಗಾಡಿ ಅಲ್ಲೇ ಬಿಟ್ಟು, ಜುಲೈನಲ್ಲಿ ಬಸ್ಸಿಗೆ ಬನ್ನಿ. ನಮ್ಮ ಕಟ್ಟಡದಲ್ಲಿ ಒಂದು ಮನೆ ಬಾಡಿಗೆಗೆ ಖಾಲಿ ಇದೆ, ಮೇಲಿನ ಮಹಡಿ, ಸೋರುತ್ತದೆ. ಎರಡು ತಿಂಗಳು ಇರಿ. ಆಮೇಲೂ ಹೆಂಚಿನ ಮನೆಯೇ ಬೇಕು ಅಂದರೆ ಮಡಗಾಂವ್‌ನ ಆ ವಕೀಲರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.