ಡಿಗ್ರಿ ಮುಗಿಯಲು ಇನ್ನೂ ಒಂದೂವರೆ ವರ್ಷವಿದೆ, ಈಗಿನಿಂದಲೇ ಏನು ಮಾಡಲಿ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ, ನಾಲ್ಕನೇ ಸೆಮಿಸ್ಟರ್ ಈಗಷ್ಟೇ ಆರಂಭವಾಗಿದೆ. ನಮ್ಮ ಕಾಲೇಜಿಗೆ ಕಂಪನಿಗಳು ಬಂದು ಸಂದರ್ಶನ ನಡೆಸುವುದು ಅಪರೂಪ. ಕಳೆದ ವರ್ಷ ಪಾಸಾದ ಅಕ್ಕಂದಿರಲ್ಲಿ ಹಲವರು ಇನ್ನೂ ಮನೆಯಲ್ಲೇ ಇದ್ದಾರೆ. ಬ್ಯಾಂಕ್ ಪರೀಕ್ಷೆಗೆ ಮಾತ್ರ ಓದು, ಬೇರೆ ಯಾವುದೂ ಬೇಡ ಎಂದು ಅಪ್ಪ ಹೇಳುತ್ತಾರೆ. ಇಂಗ್ಲಿಷ್ ಮಾತನಾಡಲು ನನಗೆ ಭಯ. ಈಗಿನಿಂದ ಹೇಗೆ ಸಿದ್ಧವಾಗಬೇಕು?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಈ ಪ್ರಶ್ನೆ ಸಾಮಾನ್ಯವಾಗಿ ನಮಗೆ ಬರುವುದು ಅಂತಿಮ ಸೆಮಿಸ್ಟರಿನ ಫಲಿತಾಂಶ ಬಂದು ಆರು ತಿಂಗಳಾದ ಮೇಲೆ. ನೀವು ಸಮಯವಿರುವಾಗಲೇ ಕೇಳಿದ್ದೀರಿ.

ಲೆಕ್ಕಪತ್ರ ವಿಭಾಗಕ್ಕೆ ಹೊಸಬರನ್ನು ಆಯ್ದುಕೊಳ್ಳುವ ಸಂದರ್ಶನಗಳಲ್ಲಿ ನಾನು ಹಲವು ವರ್ಷ ಕುಳಿತಿದ್ದೇನೆ. ಹೆಚ್ಚಿನ ರೆಸ್ಯೂಮೆಗಳಲ್ಲಿ ‘ಟ್ಯಾಲಿ ಗೊತ್ತು, ಎಕ್ಸೆಲ್ ಗೊತ್ತು’ ಎಂದಿರುತ್ತದೆ. ಮಾರಿದ ಸರಕು ವಾಪಸು ಬಂದರೆ ಯಾವ ವೋಚರಿನಲ್ಲಿ ನಮೂದಿಸುತ್ತೀರಿ ಎಂದು ಕೇಳಿದರೆ ಮೌನ. ಒಮ್ಮೆ ಒಬ್ಬ ಹುಡುಗ ಬಂದಿದ್ದ. ಅಂಕಗಳು ಸಾಧಾರಣ, ಇಂಗ್ಲಿಷ್ ತಡವರಿಕೆಯದು. ಆದರೆ ರಜೆಯಲ್ಲಿ ತನ್ನೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗೆ ಲೆಕ್ಕ ಬರೆದುಕೊಡುತ್ತಿದ್ದನಂತೆ. ಒಂದು ವಾರದ ಬಟವಾಡೆಯಲ್ಲಿ 90 ರೂಪಾಯಿ ವ್ಯತ್ಯಾಸ ಬಂದಾಗ ಏನು ಮಾಡಿದೆ ಎಂದು ಆತ ವಿವರಿಸಿದ: ವ್ಯತ್ಯಾಸವು 9ರಿಂದ ಭಾಗವಾಗುತ್ತದೆ, ಹಾಗಾಗಿ ಎಲ್ಲೋ ಅಂಕಿಗಳು ಅದಲುಬದಲಾಗಿರಬೇಕು ಎಂದುಕೊಂಡು ಹುಡುಕಿದ, ಒಬ್ಬ ಸದಸ್ಯರ 540 ರೂಪಾಯಿ 450 ಎಂದು ದಾಖಲಾಗಿತ್ತು. ಅಷ್ಟು ಹೇಳಿದ ಮೇಲೆ ನಾವು ಅವನನ್ನು ಹೆಚ್ಚೇನೂ ಕೇಳಲಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಕಾಲೇಜು ಬಿಡುವ ಮೊದಲು ಒಂದಾದರೂ ನಿಜವಾದ ಲೆಕ್ಕದಲ್ಲಿ ನಿಮ್ಮ ಕೈ ಆಡಿರಬೇಕು. ನೀವಿರುವುದು ಬ್ಯಾಡಗಿಯ ಹತ್ತಿರ. ದೇಶದ ಮೂಲೆಮೂಲೆಗೆ ಮೆಣಸಿನಕಾಯಿ ಕಳಿಸುವ ಮಾರುಕಟ್ಟೆ, ಅದರ ಸುತ್ತ ದಲಾಲಿ ಅಂಗಡಿಗಳು, ಅವುಗಳ ಲೆಕ್ಕ ನೋಡುವ ಆಡಿಟರ್ ಕಚೇರಿಗಳು ಅಲ್ಲೇ ಇವೆ. ನಿಮ್ಮ ವಾಣಿಜ್ಯ ವಿಭಾಗದ ಅಧ್ಯಾಪಕರಿಂದ ಒಂದು ಪರಿಚಯ ಪತ್ರ ಪಡೆದು, ಸೆಮಿಸ್ಟರ್ ರಜೆಯಲ್ಲಿ ಒಂದೂವರೆ ತಿಂಗಳು ಕೆಲಸ ಕಲಿಯುತ್ತೇನೆ ಎಂದು ಕೇಳಿ. ಸಂಬಳ ಸಿಗದಿರಬಹುದು, ಬಸ್ಸಿನ ಖರ್ಚು ಕೊಟ್ಟರೂ ಸಾಕು.

ಅಲ್ಲಿ ಏನು ಕಲಿಯುತ್ತೀರಿ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರತಿ ತಿಂಗಳು ಜಿಎಸ್‌ಟಿ (ಸರಕು ಮತ್ತು ಸೇವಾ ತೆರಿಗೆ) ರಿಟರ್ನ್ ಸಲ್ಲಿಸುವ ವ್ಯಾಪಾರಿಯು ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ 11ನೇ ತಾರೀಖಿನೊಳಗೆ ಕೊಡಬೇಕು. 14ರಂದು ಅವರ ಖರೀದಿಗೆ ಸಂಬಂಧಿಸಿದ ಜಿಎಸ್‌ಟಿಆರ್-2ಬಿ ಪಟ್ಟಿ ಸಿದ್ಧವಾಗುತ್ತದೆ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಈ ನಡುವಿನ ಐದಾರು ದಿನಗಳಲ್ಲಿ ವ್ಯಾಪಾರಿಯ ಖರೀದಿ ಪುಸ್ತಕವನ್ನೂ 2ಬಿ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಬಿಲ್ ತಾಳೆ ನೋಡುವ ಕೆಲಸವಿರುತ್ತದೆ. ಪುಸ್ತಕದಲ್ಲಿರುವ ಬಿಲ್ ಪಟ್ಟಿಯಲ್ಲಿ ಇಲ್ಲವೆಂದರೆ, ಸರಕು ಮಾರಿದವನು ತನ್ನ ವಿವರ ಸಲ್ಲಿಸಿಲ್ಲ ಅಥವಾ ಜಿಎಸ್‌ಟಿ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದಾನೆ ಎಂದರ್ಥ. ಅದು ಸರಿಯಾಗುವವರೆಗೆ ನಿಮ್ಮ ವ್ಯಾಪಾರಿಗೆ ಆ ತೆರಿಗೆಯ ಹೂಡುವಳಿ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಎಕ್ಸೆಲ್‌ನ ವಿ-ಲುಕಪ್ ಸೂತ್ರವನ್ನು (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿಕೊಡುವ ಸೂತ್ರ) ಈ ಕೆಲಸದಲ್ಲಿ ಬಳಸಿ ಕಲಿತವರು ಮರೆಯುವುದಿಲ್ಲ. ದಿನವೂ ಮಾಡಿದ್ದನ್ನು, ಆದ ತಪ್ಪನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ವ್ಯಾಪಾರಿಗಳ ಹೆಸರು ಮತ್ತು ಮೊತ್ತಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ, ಅವು ನಿಮ್ಮವಲ್ಲ.

ನಿಮ್ಮ ತಂದೆಯವರ ಮಾತು ತಪ್ಪಲ್ಲ. ಬ್ಯಾಂಕುಗಳಿಗೆ ಸಿಬ್ಬಂದಿಯನ್ನು ಆಯ್ದುಕೊಡುವ ಐಬಿಪಿಎಸ್ ಸಂಸ್ಥೆ ನಡೆಸುವ ಗುಮಾಸ್ತ ದರ್ಜೆಯ ಹುದ್ದೆಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಹಣಕಾಸು ಸಚಿವಾಲಯ 2021ರಲ್ಲಿ ಶಿಫಾರಸು ಮಾಡಿತ್ತು. ಇಂಗ್ಲಿಷ್ ಭಾಷೆಯ ಭಾಗ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಅರ್ಜಿ ಹಾಕುವಾಗ ಪದವಿ ಮುಗಿದಿರಬೇಕು, ವಯಸ್ಸು ಸಾಮಾನ್ಯ ವರ್ಗದವರಿಗೂ 28ರವರೆಗೆ ಇದೆ. ಅಂದರೆ ಇಂದಿನಿಂದ ದಿನಕ್ಕೆ ಒಂದು ಗಂಟೆ ಗಣಿತ ಮತ್ತು ತಾರ್ಕಿಕ ಪ್ರಶ್ನೆಗಳನ್ನು ಬಿಡಿಸುತ್ತಾ ಹೋದರೆ ಸಾಕು. ಪದವಿ ಮುಗಿದ ಮೇಲೆ ಎರಡು ಮೂರು ವರ್ಷ ಬರೀ ಪರೀಕ್ಷೆಗೆಂದೇ ಮನೆಯಲ್ಲಿ ಕುಳಿತುಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಕುಳಿತು, ಕೊನೆಗೆ ಖಾಲಿ ವರ್ಷಗಳಿಗೆ ಕಾರಣ ಹೇಳಲಾಗದೆ ತಲೆ ತಗ್ಗಿಸಿದ ಮಕ್ಕಳನ್ನು ಕಂಡು ನನಗೆ ಸಂಕಟವಾಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ಭತ್ಯೆಸಹಿತ ತರಬೇತಿ ಸಿಗುತ್ತದೆ. ಇಂಥ ತರಬೇತಿಗೆಂದೇ ಇರುವ ಕೇಂದ್ರ ಸರ್ಕಾರದ ನ್ಯಾಟ್ಸ್ (NATS) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ದುಡಿಯುತ್ತಲೇ ಪರೀಕ್ಷೆ ಬರೆಯಬಹುದು.

ಇಂಗ್ಲಿಷಿನ ಭಯಕ್ಕೆ ಒಂದೇ ಉಪಾಯ ಹೇಳುತ್ತೇನೆ. ಭಾಷೆಯನ್ನೆಲ್ಲ ಒಮ್ಮೆಲೇ ಕಲಿಯಲು ಹೊರಡಬೇಡಿ. ನೀವು ಮಾಡಿದ ಆ ಲೆಕ್ಕದ ಕೆಲಸವನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ, ಎಡವಿದಲ್ಲಿ ತಿದ್ದಿ ಮತ್ತೆ ಹೇಳಿ. ತಿಳಿದ ವಿಷಯದ ಬಗ್ಗೆ ಮಾತನಾಡುವಾಗ ನಾಲಿಗೆ ಬೇಗ ಸಡಿಲವಾಗುತ್ತದೆ.

ಇನ್ನೊಂದು ಮಾತು, ಇದನ್ನು ಈ ವಾರವೇ ನೋಡಿ. ನಿಮ್ಮ ಕಡೆ ಅಡ್ಡಹೆಸರು ಬರೆಯುವ ರೂಢಿಯಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರಿನ ಜೊತೆಗೆ ಅಡ್ಡಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ರೀತಿ ಇದ್ದರೆ, ದಾಖಲೆ ಪರಿಶೀಲನೆಯ ದಿನ ಕೈಗೆ ಬಂದ ಕೆಲಸಕ್ಕೆ ತೊಡಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಸರಿಪಡಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರವಾಗಿ ನೋಡಿ ಅರ್ಜಿ ಕೊಡಿ.

ಪ್ರಶ್ನೆ: ಮಗ ಅಂತಿಮ ವರ್ಷದ ಬಿ.ಎಸ್‌ಸಿ. ಓದುತ್ತಿದ್ದಾನೆ. 35,000 ರೂಪಾಯಿ ಠೇವಣಿ ಮತ್ತು ಮೂಲ ಅಂಕಪಟ್ಟಿಗಳನ್ನು ಕೊಟ್ಟರೆ ಪರೀಕ್ಷೆ ಮುಗಿದ ಕೂಡಲೇ ಕೆಲಸ ಖಚಿತ ಎಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. ಕೊಡಬಹುದೇ?
– ಒಬ್ಬ ತಂದೆ, ತುಮಕೂರು

ಉತ್ತರ: ದಯವಿಟ್ಟು ಕೊಡಬೇಡಿ. ಸರ್ಕಾರಿ ನೇಮಕಾತಿಯ ಪರೀಕ್ಷಾ ಶುಲ್ಕವನ್ನು ಅಧಿಕೃತ ಜಾಲತಾಣದಲ್ಲಿ ಕಟ್ಟುವುದು ಬೇರೆ. ಕೆಲಸ ಕೊಡುವ ಯೋಗ್ಯ ಸಂಸ್ಥೆ ಕೆಲಸಕ್ಕೆ ಬರುವವನಿಂದ ಠೇವಣಿ ಕೇಳುವುದಿಲ್ಲ. ಈಗಾಗಲೇ ಹಣ ಕಳಿಸಿದ್ದರೆ ನಾಳೆಗೆ ಬಿಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ಅಲ್ಲೇ ವಾಪಸು ಪಡೆಯಬೇಕು. ಕೊಟ್ಟು ಬರುವುದಿದ್ದರೆ ಜೆರಾಕ್ಸ್ ಪ್ರತಿ ಮಾತ್ರ, ಅದರ ಮೇಲೆ ಯಾವ ಸಂಸ್ಥೆಗೆ, ಯಾವ ದಿನ ಕೊಟ್ಟದ್ದು ಎಂದು ಮಗನ ಕೈಯಲ್ಲೇ ಬರೆಸಿ ಸಹಿ ಹಾಕಿಸಿ.